ಅರ್ಥ ಆಯ್ತಾ? ಓವರ್

ಓವರಪ್ಪನವರಿಗೆ ಹುಟ್ಟಿದಾಗ ಇಟ್ಟ ಹೆಸರು ಬೇರೆ. ಅದು ಅವರ ರೇಡಿಯೊ ಲೈಸೆನ್ಸಿನ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿದೆ. ಆದರೆ ಅವರ ಬೀದಿಗೆ ಹೋಗಿ ಆ ಹೆಸರು ಹಿಡಿದು ವಿಚಾರಿಸಿದರೆ, ಅಂಥವರು ಇಲ್ಲಿ ಯಾರೂ ಇಲ್ಲ ಎಂದು ಸಾಗಹಾಕುತ್ತಾರೆ. ಓವರಪ್ಪ ಎಂದರೆ ಮಾತ್ರ ಕೈಯಲ್ಲಿದ್ದ ಕೆಲಸ ಬಿಟ್ಟು ಮನೆ ಬಾಗಿಲವರೆಗೂ ಬಂದು ತೋರಿಸಿ, ನಗುತ್ತಾ ವಾಪಸು ಹೋಗುತ್ತಾರೆ. ಈ ಹೆಸರು ಅವರಿಗೆ ಅಂಟಿಕೊಂಡದ್ದು ಒಂದು ಭಾನುವಾರ. ಆ ಭಾನುವಾರ ಅವರ ಅತ್ತೆಯವರು ಬದುಕಿದ್ದಾಗಲೇ ತೀರಿಕೊಂಡರು.

ಓವರಪ್ಪನವರದು ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸ. ಬೆಳಗಿನಿಂದ ಸಂಜೆಯವರೆಗೆ ಬೇರೆಯವರು ಬರೆದದ್ದರಲ್ಲಿ ಕೊಂಬು, ದೀರ್ಘ, ಒತ್ತುಗಳು ಇರಬೇಕಾದ ಜಾಗದಲ್ಲಿ ಇವೆಯೇ ಎಂದು ನೋಡುವುದು. ಇವರ ಕಣ್ಣು ತಪ್ಪಿಸಿ ಒಂದು ಅರ್ಧಾಕ್ಷರವೂ ಅಚ್ಚಿಗೆ ಹೋದದ್ದಿಲ್ಲ ಎಂದು ಪ್ರೆಸ್ಸಿನ ಮಾಲೀಕರು ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದರು. ಈ ಮಾತನ್ನು ಓದುಗರು ನೆನಪಿಟ್ಟುಕೊಂಡರೆ ಒಳ್ಳೆಯದು, ಮುಂದೆ ಬೇಕಾಗುತ್ತದೆ.

ಹಗಲೆಲ್ಲ ಬೇರೆಯವರ ಮಾತು ತಿದ್ದಿ ಮನೆಗೆ ಬಂದರೆ ಅವರದೇ ಮಾತಿಗೆ ಅಲ್ಲಿ ಜಾಗವಿರಲಿಲ್ಲ. ಕಾರಣ, ಹೆಂಡತಿಯ ತಾಯಿ ಅದೇ ಮನೆಯಲ್ಲಿದ್ದರು. ಅತ್ತೆಯವರು ಕೆಟ್ಟವರಲ್ಲ. ಅಳಿಯನ ಊಟ ಬಟ್ಟೆಗೆ ಯಾವತ್ತೂ ಕೊರತೆ ಮಾಡಿದವರಲ್ಲ. ಆದರೆ ಅಳಿಯ ಒಂದು ವಾಕ್ಯಕ್ಕೆ ಕರ್ತೃಪದ ಇಟ್ಟು ಉಸಿರು ತೆಗೆದುಕೊಳ್ಳುವುದರೊಳಗೆ, ಕರ್ಮವನ್ನೂ ಕ್ರಿಯಾಪದವನ್ನೂ ಅವರೇ ಹಾಕಿ ಮುಗಿಸಿಬಿಡುತ್ತಿದ್ದರು.

"ಇವತ್ತು ಪ್ರೆಸ್ಸಲ್ಲಿ..." ಎಂದು ಇವರು ಬಾಯಿ ತೆರೆದರೆ, "ಕರೆಂಟ್ ಹೋಗಿರ್ಬೇಕು. ಇಲ್ಲೂ ಹೋಗಿತ್ತು. ಕರೆಂಟಿಲ್ದಿದ್ರೆ ನೀರು ಮೇಲೆ ಏರಲ್ಲ. ನೀರಿಲ್ಲ ಅಂದ್ಮೇಲೆ ನಾನು ಬಟ್ಟೆ ಒಗೆಯೋದು ಹೇಗೆ? ಬಟ್ಟೆ ಅಂದಾಗ ನೆನಪಾಯ್ತು ನೋಡಿ..." ಎಂದು ಮಾತು ಹೊರಟರೆ ಊಟ ಮುಗಿದು ತಟ್ಟೆ ಎತ್ತುವವರೆಗೂ ನಿಲ್ಲುತ್ತಿರಲಿಲ್ಲ. ಪ್ರೆಸ್ಸಿನಲ್ಲಿ ಏನಾಯಿತೆಂಬುದು ಆ ಮನೆಯಲ್ಲಿ ಆ ಭಾನುವಾರದವರೆಗೂ ಯಾರಿಗೂ ತಿಳಿಯಲಿಲ್ಲ.

ಹೀಗಿರುವಾಗ ಓವರಪ್ಪನವರಿಗೆ ಹಲ್ಲುನೋವು ಬಂತು. ಬೀದಿ ಕೊನೆಯ ದಂತವೈದ್ಯರ ಕುರ್ಚಿಯಲ್ಲಿ ಬಾಯಿ ಅಗಲಿಸಿಕೊಂಡು ಮಲಗಿದ್ದಾಗ, ಔಷಧಿ ಕಪಾಟಿನ ಮೇಲಿದ್ದ ಕಪ್ಪು ಪೆಟ್ಟಿಗೆಯೊಂದು ಗೊರಗೊರ ಎಂದು ಮಾತಾಡಿ "ಓವರ್" ಎಂದಿತು. ಡಾಕ್ಟರು ಇಕ್ಕಳ ಕೆಳಗಿಟ್ಟು, ಮೈಕು ಹಿಡಿದು ಉತ್ತರ ಕೊಟ್ಟು, ತಾವೂ "ಓವರ್" ಎಂದರು.

"ಇದು ಹವ್ಯಾಸಿ ರೇಡಿಯೊ. ಹ್ಯಾಮ್ ಅಂತಾರೆ," ಎಂದರು ಡಾಕ್ಟರು ಮತ್ತೆ ಇಕ್ಕಳ ಎತ್ತಿಕೊಂಡು. "ಇದರ ನಿಯಮ ಏನು ಗೊತ್ತಾ? ಒಬ್ರು ಮಾತಾಡೋವಾಗ ಇನ್ನೊಬ್ರು ಬಾಯಿ ಹಾಕೋ ಹಾಗಿಲ್ಲ. ಅವರು 'ಓವರ್' ಅನ್ನೋವರೆಗೂ ಕಾಯ್ಲೇಬೇಕು."

ಓವರಪ್ಪನವರ ಎರಡೂ ಕಣ್ಣಲ್ಲಿ ನೀರು ಇಳಿಯಿತು. ನೋವಾಗುತ್ತಿದೆ ಎಂದುಕೊಂಡ ಡಾಕ್ಟರು ಇನ್ನೊಂದು ಸೂಜಿ ಚುಚ್ಚಿದರು.

ಅಂದಿನಿಂದ ಅವರಿಗೆ ಹುಚ್ಚು ಹತ್ತಿತು. ಡಾಕ್ಟರೋ ಬಿಡುವಿಲ್ಲದ ಮನುಷ್ಯ. ಕುರ್ಚಿಯ ಮೇಲೆ ಮಲಗಿದವರೊಂದಿಗೆ ಮಾತ್ರ ಅವರಿಗೆ ಮಾತಾಡಲು ಪುರುಸೊತ್ತು. ಹಾಗಾಗಿ ರೇಡಿಯೊ ವಿದ್ಯೆ ಕಲಿಯಲು ಓವರಪ್ಪನವರು ನೋಯದ ಹಲ್ಲುಗಳನ್ನೂ ಒಂದೊಂದಾಗಿ ತೋರಿಸುತ್ತಾ ಬಂದರು. ಪಾಠವೆಲ್ಲ ಬಾಯಿ ತೆರೆದೇ ಆಯಿತು. ಮೊದಲು ಪರೀಕ್ಷೆ ಬರೆದು ಲೈಸೆನ್ಸ್ ತಗೊಳ್ಳಿ, ಅಲ್ಲಿವರೆಗೆ ಕೇಳಬಹುದೇ ಹೊರತು ಮೈಕಿನ ಗುಂಡಿ ಒತ್ತುವ ಹಾಗಿಲ್ಲ ಎಂದರು ಡಾಕ್ಟರು, ಮೇಲಿನ ದವಡೆ ತೊಳೆಯುತ್ತಾ. ದೊಡ್ಡ ಸೆಟ್ಟಿಗೆ ಆಸೆಪಡಬೇಡಿ, ಸಣ್ಣ ಸೆಟ್ಟು, ಒಳ್ಳೆ ಆಂಟೆನಾ, ಅಷ್ಟು ಸಾಕು ಎಂದರು ಕೆಳಗಿನ ದವಡೆಯಲ್ಲಿ. ಆಂಟೆನಾ ಎತ್ತರದಲ್ಲಿರಲಿ, ಕರೆಂಟ್ ತಂತಿಯಿಂದ ದೂರವಿರಲಿ, ಆಂಟೆನಾ ಸಿಕ್ಕಿಸದೆ ಮಾತಾಡಿದರೆ ಸೆಟ್ಟು ಸುಟ್ಟುಹೋಗುತ್ತದೆ, ಮಾತಾಡುವ ಮೊದಲು ಆ ಜಾಗದಲ್ಲಿ ಬೇರೆ ಯಾರಾದರೂ ಇದ್ದಾರೆಯೇ ಎಂದು ಕಿವಿಗೊಟ್ಟು ಕೇಳಿ ಎಂಬುದೆಲ್ಲ ಹುಳುಕು ತುಂಬುವಾಗ ಬಂತು.

ಕೊನೆಯ ಪಾಠ ಬೈರಿಗೆ ತಿರುಗುತ್ತಿದ್ದಾಗ ಆಯಿತು. ಡಾಕ್ಟರ ಬಾಯಿಗೆ ಮುಖವಸ್ತ್ರ, ಶಿಷ್ಯನ ಬಾಯಲ್ಲಿ ಕರ್ರ್ ಎಂಬ ಸದ್ದು.

"ಎಲ್ಲಕ್ಕಿಂತ ಮುಖ್ಯ, ಅರ್ಥ್ ಮಾಡ್ಕೊಳ್ಳಿ. ಅದಿಲ್ದೆ ಸೆಟ್ ಹಾಕ್ಬೇಡಿ. ತಿಳೀತಾ? ಅರ್ಥ್ ಮಾಡ್ಕೊಂಡೇ ಮಾತಾಡ್ಬೇಕು!"

"ಆಂ," ಎಂದರು ಓವರಪ್ಪನವರು. ಅರ್ಥ ಮಾಡಿಕೊಳ್ಳದೆ ಮಾತಾಡುವವರು ಎಷ್ಟು ಜನರಿಲ್ಲ, ಇಂಥ ಗುರುಗಳು ಸಿಗಬೇಕಲ್ಲ ಎಂದು ಮನಸ್ಸಿನಲ್ಲೇ ಕೈಮುಗಿದರು.

ನೋಡಿ, ಅಪಾಯ ಹೇಗೆ ಹೊಂಚುಹಾಕಿರುತ್ತದೆ. ಸೆಟ್ಟಿನಿಂದ ಒಂದು ತಂತಿ ಎಳೆದು ನೆಲಕ್ಕೆ ಹೂತ ಸರಳಿಗೆ ಕಟ್ಟಬೇಕೆಂಬ ವಿಷಯ ಓವರಪ್ಪನವರಿಗೆ ಗೊತ್ತಿರಲಿಲ್ಲವೆಂದಲ್ಲ. ಪರೀಕ್ಷೆಯಲ್ಲಿ 'ಭೂಸಂಪರ್ಕದ ಮಹತ್ವ' ಎಂಬ ಪ್ರಶ್ನೆಗೆ ಒಂದೂವರೆ ಪುಟ ಬರೆದು ಬಂದಿದ್ದರು. ಆದರೆ ಪರೀಕ್ಷೆಗೆ ಓದಿದ್ದನ್ನು ಮನೆಯಲ್ಲಿ ಬಳಸಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಡಾಕ್ಟರಂತೂ ಭೂಸಂಪರ್ಕದ ಸುದ್ದಿಯನ್ನೇ ಎತ್ತಿರಲಿಲ್ಲ.

ಲೈಸೆನ್ಸ್ ಬಂತು. ಅದನ್ನು ಹಿಡಿದು, "ಅತ್ತೆ, ನಾನಿವತ್ತಿಂದ ಹ್ಯಾಮ್..." ಎಂದರು.

"ಹಮ್ಮಾ? ಅದು ಮೊದಲಿಂದ್ಲೂ ಇತ್ತಲ್ಲ ಅಳಿಯಂದಿರೇ, ಅದಕ್ಕೂ ಲೈಸೆನ್ಸ್ ಮಾಡಿಸ್ಕೊಂಡ್ರಾ?" ಎಂದರು ಅತ್ತೆ.

ಮೆಟ್ಟಿಲ ಕೆಳಗಿನ ಸಾಮಾನು ಕೋಣೆಯಲ್ಲಿ ಸೆಟ್ಟು ಕೂತಿತು. ತಾರಸಿಯ ಮೇಲೆ ನೀರಿನ ತೊಟ್ಟಿಯಿಂದ ಆ ಕಡೆಯ ಕಂಬದವರೆಗೆ ಆಂಟೆನಾ ತಂತಿ ಬಿಗಿದದ್ದಾಯಿತು. "ಬಟ್ಟೆ ಒಣಗ್ಸೋಕೆ ತಂತಿ ಇಲ್ಲ ಅಂತ ಎಷ್ಟು ದಿನದಿಂದ ಹೇಳ್ತಿದ್ದೆ. ಕೊನೆಗೂ ಕಟ್ಟಿಸಿದ್ರಲ್ಲ," ಎಂದು ಅತ್ತೆ ಅಳಿಯನನ್ನು ಮೊದಲ ಸಲ ಹೊಗಳಿದರು. ಮೊದಲ ಹೊಗಳಿಕೆಯನ್ನು ತಿದ್ದುವ ಧೈರ್ಯ ಓವರಪ್ಪನವರಿಗೆ ಬರಲಿಲ್ಲ. ಅತ್ತೆ ಬಟ್ಟೆ ಹರವಿದಾಗೆಲ್ಲ ಅಳಿಯನ ದನಿ ಡಾಕ್ಟರ ಸೆಟ್ಟಿನಲ್ಲಿ ಕುಗ್ಗಿಹೋಗುತ್ತಿತ್ತು. ಅದಕ್ಕೆ ಬಟ್ಟೆಯೇ ಕಾರಣವೆಂದು ಗುರುಶಿಷ್ಯರಿಬ್ಬರಿಗೂ ಗೊತ್ತಿತ್ತು.

ಆದರೆ ಆ ದನಿ ಹೋಗುತ್ತಿದ್ದುದು ಎಲ್ಲಿಗೆ ಎಂಬುದು ಇಬ್ಬರಿಗೂ ಗೊತ್ತಿರಲಿಲ್ಲ. ಅದು ಪಕ್ಕದ ಮನೆಗೆ ಹೋಗುತ್ತಿತ್ತು.

ಪಕ್ಕದ ಮನೆಯಲ್ಲಿ ಟೈಲರಮ್ಮ ಇದ್ದರು. ಹೊಲಿಗೆ ಯಂತ್ರದ ಪಕ್ಕ ಒಂದು ದೊಡ್ಡ ಸೌಂಡ್ ಬಾಕ್ಸ್ ಇಟ್ಟು ಹಾಡು ಹಾಕಿಕೊಂಡು ಹೊಲಿಯುವುದು ಅವರ ಅಭ್ಯಾಸ. ಕೆಲವು ವಾರಗಳಿಂದ ಹಾಡಿನ ನಡುವೆ ಯಾರೋ ಮೂಗಿನಲ್ಲಿ ಗೊಣಗಿ "...ಓವರ್" ಎನ್ನತೊಡಗಿದ್ದರು. ಟೈಲರಮ್ಮ ಎರಡು ರವಿಕೆ ತಪ್ಪಾಗಿ ಕತ್ತರಿಸಿದರು. ಬಾಕ್ಸ್ ರಿಪೇರಿಯವನು "ಇದು ವೈರ್‌ಲೆಸ್ ಕಾಟ" ಎಂದದ್ದೇ ತಡ, ಸರ್ಕಾರದ ವೈರ್‌ಲೆಸ್ ಆಫೀಸಿಗೆ ಒಂದು ದೂರು ಬರೆದು ಹಾಕಿದ್ದರು.

ಇನ್ನು ಆ ಭಾನುವಾರ. ಓವರಪ್ಪನವರು ಕೋಣೆಯ ಬಾಗಿಲು ಹಾಕಿ, ಕಿವಿಗೆ ಹೆಡ್‌ಫೋನ್ ಏರಿಸಿ ಡಾಕ್ಟರ ಜೊತೆ ಮಾತಿಗೆ ಕೂತಿದ್ದರು. ಹೆಂಡತಿ ಔಷಧಿ ಅಂಗಡಿಯ ಬಿಲ್ ಕೌಂಟರಿನ ಕೆಲಸಕ್ಕೆ ಹೋಗಿದ್ದರು. ಅತ್ತೆ ಮನೆಯ ಬಿಳಿ ಬೆಡ್‌ಶೀಟುಗಳನ್ನೆಲ್ಲ ಒಗೆದು, ಬಕೆಟ್ ಹಿಡಿದು ತಾರಸಿಗೆ ಹೋಗಿ, ಆಂಟೆನಾದ ಮೇಲೆ ಸಾಲಾಗಿ ಹರವಿ, ಅಲ್ಲೇ ತೊಟ್ಟಿಗೆ ಒರಗಿ ನಿದ್ದೆ ಹೋದರು. ಆಕಾಶಕ್ಕೆ ಹೋಗಬೇಕಾದ ದನಿ ದಾರಿ ಕಟ್ಟಿಹೋಗಿ, ಅಷ್ಟೂ ಕೆಳಗೇ ಉಳಿಯಿತು. ಟೈಲರಮ್ಮನ ಬಾಕ್ಸಿನಲ್ಲಿ ಓವರಪ್ಪನವರು ಅವತ್ತು ಗಂಟೆ ಹೊಡೆದ ಹಾಗೆ ಸ್ಪಷ್ಟವಾಗಿ ಕೇಳಿಸಿದರು.

"ಡಾಕ್ಟ್ರೇ, ಅತ್ತೆ ಮೇಲೆ ಹೋದ್ರು. ಓವರ್."

ಪಕ್ಕದ ಮನೆಯವರ ದನಿಯೆಂದು ಗುರುತು ಹತ್ತಿ ಟೈಲರಮ್ಮನ ಕಾಲು ಹೊಲಿಗೆ ಯಂತ್ರದ ಮೇಲೇ ನಿಂತಿತು. ಡಾಕ್ಟರು ಏನೆಂದರೋ ಬಾಕ್ಸಿಗೆ ಬರಲಿಲ್ಲ.

"ಹೌದು, ಈಗಷ್ಟೇ. ಬಿಳೀ ಬಟ್ಟೆ, ಪೂರ್ತಿ ಹೊದಿಸಿ ಆಯ್ತು. ಓವರ್."

"ಅಯ್ಯೋ!" ಎಂದರು ಟೈಲರಮ್ಮ.

"ಏನೂ ತೊಂದ್ರೆ ಇಲ್ಲ ಡಾಕ್ಟ್ರೇ, ನೆಮ್ಮದಿ. ಇನ್ನಾದ್ರೂ ನಾನೊಂದು ವಾಕ್ಯ ಪೂರ್ತಿ ಹೇಳ್ಬಹುದು. ಓವರ್."

ಟೈಲರಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡರು. ಡಾಕ್ಟರೇ ಪಕ್ಕದಲ್ಲಿದ್ದಾರೆಂದ ಮೇಲೆ ಸಂಶಯವೆಲ್ಲಿ? ಆದರೆ ಈ ಮನುಷ್ಯನ ಎದೆ ಕಲ್ಲೇ? ತಕ್ಷಣ ಓವರಪ್ಪನವರ ಹೆಂಡತಿಗೆ ಫೋನ್ ಮಾಡಿದರು.

"ಧೈರ್ಯ ತಗೋಮ್ಮ. ನಿಮ್ಮಮ್ಮ ಮೇಲೆ ಹೋದ್ರು."

"ಹೌದಾ? ಮೋಡ ಕವಿದಿದೆ ಅಲ್ವಾ, ಬೇಗ ಇಳಿದು ಬನ್ನಿ ಅಂತ ಹೇಳಿ," ಎಂದು ಹೆಂಡತಿ ಯಾರಿಗೋ ಚಿಲ್ಲರೆ ಎಣಿಸಿಕೊಟ್ಟು ಫೋನ್ ಇಟ್ಟರು.

ಪಾಪ, ದುಃಖಕ್ಕೆ ತಲೆ ಕೆಟ್ಟಿದೆ ಎಂದು ಟೈಲರಮ್ಮ ಕಣ್ಣೊರೆಸಿಕೊಂಡು, ಅತ್ತೆಯ ಮಗನಿಗೆ, ಅಂದರೆ ಓವರಪ್ಪನವರ ಬಾಮೈದನಿಗೆ ಫೋನ್ ಮಾಡಿದರು. ಬಾಮೈದನದು ಕುರ್ಚಿ, ಶಾಮಿಯಾನ ಬಾಡಿಗೆ ಕೊಡುವ ಅಂಗಡಿ. ಸುದ್ದಿ ಕೇಳಿ ಬೋರೆಂದು ಅತ್ತ. ಅಳುತ್ತಲೇ ಟೆಂಪೊಗೆ ಐವತ್ತು ಕುರ್ಚಿ ತುಂಬಿಸಿದ. ಹಸಿರು ಕುರ್ಚಿ ಏರಿಸಲು ಹೋದ ಆಳಿಗೆ, "ಅದು ಮದುವೇದೋ, ಬಿಳೀದು ಹಾಕೋ!" ಎಂದು ಬಿಕ್ಕುತ್ತಾ ಗದರಿದ.

ಅಂಗಳದಲ್ಲಿ ಕುರ್ಚಿ ಇಳಿದವು. ಕುರ್ಚಿ ಕಂಡ ಮೇಲೆ ಜನ ಬರದಿರುತ್ತಾರೆಯೇ? ಬೀದಿಯೇ ಬಂದು ಕೂತಿತು. "ಇನ್ನು ಆ ಮನೆ ಎಷ್ಟು ನಿಶ್ಶಬ್ದವಾಗಿಬಿಡತ್ತೋ," ಎಂದರು ಒಬ್ಬರು. "ನಮ್ಮನೇನೂ," ಎಂದರು ಎದುರು ಮನೆಯವರು.

ಒಳಗೆ ಓವರಪ್ಪನವರ ಬದುಕಿನ ಮಹಾಕ್ಷಣ ನಡೆಯುತ್ತಿತ್ತು. ಡಾಕ್ಟರು ಊಟಕ್ಕೆದ್ದ ಮೇಲೆ ಇವರು ಸುಮ್ಮನೆ ಒಂದು ಕರೆ ಹಾಕಿದ್ದರು. ಅದೇನು ಅದೃಷ್ಟವೋ, ಒದ್ದೆ ಬೆಡ್‌ಶೀಟುಗಳ ಸಂದಿಯಲ್ಲೇ ನುಸುಳಿಕೊಂಡು ಅದು ಸಮುದ್ರದಾಚೆಯ ದೇಶವೊಂದನ್ನು ಮುಟ್ಟಿತು. ಅಲ್ಲಿಂದ ಯಾರೋ ಉತ್ತರವನ್ನೂ ಕೊಟ್ಟರು. ಓವರಪ್ಪನವರು ಕುಣಿಯುವುದೊಂದು ಬಾಕಿ. ಅಷ್ಟರಲ್ಲಿ ಬಾಮೈದ ದಬದಬ ಬಾಗಿಲು ಬಡಿದ. ತೆರೆದು ನೋಡಿದರೆ ಅಂಗಳದ ತುಂಬ ಜನ. ತಮ್ಮ ಸಾಧನೆ ಇಷ್ಟು ಬೇಗ ಊರಿಗೆ ಗೊತ್ತಾಯಿತೇ ಎಂದು ಅವರು ಹಿಗ್ಗಿ ಹೀರೇಕಾಯಿಯಾದರು.

"ಭಾವ... ಹೇಗಾಯ್ತು ಭಾವ?" ಎಂದ ಬಾಮೈದ.

"ಹೇಗೆ ಅಂತ ಹೇಳ್ಲಿ! ಎಷ್ಟು ದಿನದಿಂದ ಕಾದಿದ್ದೆ. ಇವತ್ತು ಕೊನೆಗೂ ಆಯ್ತು ನೋಡು."

ಜನ ಮುಖ ಮುಖ ನೋಡಿಕೊಂಡರು.

"ಒದ್ದಾಡಿದ್ರಾ?"

"ಛೆ, ಇಲ್ಲಪ್ಪ. ಒಂದೇ ಕರೆಗೆ ಹೋಯ್ತು! ಸಮುದ್ರ ದಾಟಿ ಹೋಯ್ತು! ಇಷ್ಟು ಸಲೀಸಾಗಿ ಹೋಗತ್ತೆ ಅಂತ ನಾನೂ ಅಂದ್ಕೊಂಡಿರ್ಲಿಲ್ಲ. ಕೂತ್ಕೊಳ್ಳಿ ಎಲ್ರೂ, ಏನಾದ್ರೂ ಸಿಹಿ ತರಿಸ್ತೀನಿ."

ಬಾಮೈದ ಭಾವನ ಕತ್ತಿನ ಪಟ್ಟಿಗೇ ಕೈ ಹಾಕುತ್ತಿದ್ದನೋ ಏನೋ. ಅಷ್ಟರಲ್ಲಿ ಗೇಟಿನ ಬಳಿ ಜೀಪೊಂದು ನಿಂತು, ವೈರ್‌ಲೆಸ್ ಆಫೀಸಿನ ಇನ್‌ಸ್ಪೆಕ್ಟರು ಇಳಿದರು. ಟೈಲರಮ್ಮನ ದೂರನ್ನು ವಿಚಾರಿಸಲು ಭಾನುವಾರವೂ ಹೊರಟ ಕರ್ತವ್ಯನಿಷ್ಠರು. ಬಿಳಿ ಕುರ್ಚಿಗಳನ್ನೂ ಒದ್ದೆ ಕಣ್ಣುಗಳನ್ನೂ ಕಂಡವರೇ ಟೋಪಿ ತೆಗೆದು, ಓವರಪ್ಪನವರ ಮುಂದೆ ತಲೆ ತಗ್ಗಿಸಿ ನಿಂತರು.

"ಇಂಥ ಹೊತ್ತಲ್ಲಿ ಕೇಳಬಾರದು. ಆದ್ರೂ ನನ್ನ ಕೆಲಸ ನೋಡಿ. ನಿಮ್ಮ ಸೆಟ್ಟಿಂದ ಪಕ್ಕದ ಮನೆಗೆ ತೊಂದ್ರೆ ಆಗ್ತಿದೆ ಅಂತ ದೂರು. ಇದಕ್ಕೆಲ್ಲ ಅರ್ಥ್ ಇದೆಯಾ?"

ಓವರಪ್ಪನವರು ನಿಟ್ಟುಸಿರು ಬಿಟ್ಟರು. "ನನ್ನ ಹೆಂಡತೀನೂ ಇದನ್ನೇ ಕೇಳ್ತಾಳೆ ಸಾರ್. ಈ ವಯಸ್ಸಲ್ಲಿ ಇದಕ್ಕೆಲ್ಲ ಅರ್ಥ ಇದೆಯಾ ಅಂತ. ನೋಡೋರಿಗೆ ಇಲ್ಲ ಅನ್ನಿಸ್ಬಹುದು. ನನಗಿದೆ."

"ಇದೆಯಾ? ಎಲ್ಲಿದೆ?"

"ಇಲ್ಲಿ," ಎಂದು ಓವರಪ್ಪನವರು ಎದೆ ಮುಟ್ಟಿಕೊಂಡರು.

ಇನ್‌ಸ್ಪೆಕ್ಟರು ಸ್ವಲ್ಪ ಹೊತ್ತು ಅವರ ಅಂಗಿಯ ಗುಂಡಿಗಳನ್ನೇ ನೋಡಿದರು. ದುಃಖದಲ್ಲಿದ್ದಾರೆ, ತಾಳ್ಮೆ ಬೇಕು ಎಂದುಕೊಂಡು, "ಸಾರ್, ಅರ್ಥ್ ಅನ್ನೋದು ನೆಲದಲ್ಲಿರ್ಬೇಕು," ಎಂದರು.

"ಒಪ್ಪಿದೆ ಸಾರ್. ದೊಡ್ಡವರ ಮಾತು. ಎಷ್ಟು ಮೇಲೆ ಹೋದ್ರೂ ಕಾಲು ನೆಲದ ಮೇಲಿರ್ಬೇಕು."

"ನೆಲದ ಮೇಲಲ್ಲ ರೀ, ಒಳಗೆ! ಆಳ ತೋಡಿ ಸರಳು ಹೂತು, ಸೆಟ್ಟಿಂದ ತಂತಿ ಎಳೆದು ಕಟ್ಬೇಕು!" ಎಂದು ಇನ್‌ಸ್ಪೆಕ್ಟರು ತಾಳ್ಮೆ ಬಿಟ್ಟು ಕೂಗಿದರು.

ಓವರಪ್ಪನವರ ಬಾಯಿ, ದಂತವೈದ್ಯರ ಕುರ್ಚಿಯಲ್ಲಿ ತೆರೆಯುತ್ತಿದ್ದಷ್ಟೇ ಅಗಲ ತೆರೆಯಿತು. ಥ ಅಲ್ಲ, ಥ್. ಒಂದು ಅರ್ಧಾಕ್ಷರ! "ಅಯ್ಯೋ, ಭೂಸಂಪರ್ಕ ಅನ್ನಬಾರದಿತ್ತಾ ಡಾಕ್ಟ್ರು!" ಎಂದು ತಲೆಯ ಮೇಲೆ ಕೈಹೊತ್ತು ಪಕ್ಕದ ಕುರ್ಚಿಯಲ್ಲಿ ಕುಸಿದರು. ಕೊನೆಗಾದರೂ ದುಃಖ ಬಂತಲ್ಲ ಎಂದು ಜನರಿಗೆ ಸಮಾಧಾನವಾಯಿತು.

ಆಗ ನಾಲ್ಕು ಹನಿ ಮಳೆ ಬಿತ್ತು. ತಾರಸಿಯ ಮೆಟ್ಟಿಲ ಮೇಲಿಂದ, ತಲೆಯಿಂದ ಕಾಲಿನವರೆಗೆ ಬಿಳಿ ಬಟ್ಟೆ ಹೊದ್ದ ಆಕೃತಿಯೊಂದು ಬಡಬಡಿಸುತ್ತಾ ಇಳಿಯಿತು.

"ಒಣಗಕ್ಕೆ ಬಿಡಲ್ಲ, ನೆನೆಯಕ್ಕೂ ಬಿಡಲ್ಲ, ಇದೆಂಥ ಮಳೇನೋ..."

ಟೈಲರಮ್ಮ ಕಿಟಾರನೆ ಕಿರುಚಿದರು. ಐವತ್ತು ಕುರ್ಚಿಯಲ್ಲಿ ನಲವತ್ತು ಉರುಳಿದವು. ಬಾಮೈದ ಮಾತ್ರ, ದೆವ್ವವಾದರೂ ತಾಯಿ ತಾಯಿಯೇ ಎಂದು ಓಡಿಹೋಗಿ ತಬ್ಬಿಕೊಂಡ. ಬೆಡ್‌ಶೀಟಿನೊಳಗಿಂದ ತಲೆ ಹೊರಗೆ ಹಾಕಿದ ಅತ್ತೆ, ಅಳುವ ಮಗನನ್ನೂ ಕುರ್ಚಿಯಲ್ಲಿ ಕುಸಿದ ಅಳಿಯನನ್ನೂ ನೋಡಿ, "ಅಯ್ಯಯ್ಯೋ, ಶಾಕ್ ಹೊಡೀತಾ ನನ್ನ ಅಳಿಯಂದಿರಿಗೆ! ಆ ಪೆಟ್ಟಿಗೆ ಬೇಡ ಅಂತ ಬಡ್ಕೊಂಡೆ, ಕೇಳಲಿಲ್ಲವಲ್ಲಪ್ಪಾ!" ಎಂದು ಗೋಳೋ ಎಂದರು. ಆ ಅಳುವಿನಲ್ಲಿ ಸುಳ್ಳಿರಲಿಲ್ಲ. ಓವರಪ್ಪನವರು ಗಾಬರಿಯಿಂದ ಎದ್ದು ನಿಂತು ತಾವು ಇರುವುದನ್ನು ತೋರಿಸಬೇಕಾಯಿತು.

ಸರಿ, ಯಾರೂ ಸತ್ತಿಲ್ಲವೆಂದು ತೀರ್ಮಾನವಾದ ಮೇಲೆ ಎಲ್ಲರಿಗೂ ಸಿಟ್ಟು ಬಂತು. ಟೈಲರಮ್ಮ ಸೊಂಟಕ್ಕೆ ಕೈಯಿಟ್ಟು, ಬಾಕ್ಸಿನಲ್ಲಿ ಬಂದದ್ದನ್ನು ಒಂದಕ್ಷರ ಬಿಡದೆ ಒಪ್ಪಿಸಿದರು. ಮೇಲೆ ಹೋದದ್ದು, ಬಿಳಿ ಬಟ್ಟೆ, ನೆಮ್ಮದಿ. ಕೊನೆಗೆ, "ಇನ್ನಾದ್ರೂ ನಾನೊಂದು ವಾಕ್ಯ ಪೂರ್ತಿ ಹೇಳ್ಬಹುದು ಅಂದ್ರು, ನಾನೇ ಕಿವಿಯಾರೆ ಕೇಳಿದೀನಿ!" ಎಂದರು.

ಓವರಪ್ಪನವರು ಚಪ್ಪಲಿಯ ತುದಿ ನೋಡಿದರು. ಅತ್ತೆ ಅಳಿಯನನ್ನು ನೋಡಿದರು. ಇನ್‌ಸ್ಪೆಕ್ಟರು ಗಂಟಲು ಸರಿಮಾಡಿಕೊಂಡು, "ಅರ್ಥ್ ಇಲ್ಲ, ಆಂಟೆನಾ ಮೇಲೆ ಬಟ್ಟೆ, ಪಕ್ಕದವರ ದೂರು. ಲೈಸೆನ್ಸ್ ಇವತ್ತೇ ವಾಪಸ್ ತಗೋಬೇಕಾಗತ್ತೆ," ಎಂದರು.

ಓವರಪ್ಪನವರು ಸಾಮಾನು ಕೋಣೆಯ ಕಡೆ ತಿರುಗಿ ನೋಡಿದರು. ಅವರ ಪೂರ್ತಿ ವಾಕ್ಯಗಳಿಗೆ ಇದ್ದದ್ದು ಅದೊಂದೇ ಜಾಗ. ಅದೂ ಹೋಗುವುದರಲ್ಲಿತ್ತು.

"ಇರಿ ಸಾರ್," ಎಂದರು ಅತ್ತೆ, ಬೆಡ್‌ಶೀಟನ್ನು ಸೊಂಟಕ್ಕೆ ಬಿಗಿಯುತ್ತಾ. "ಬಟ್ಟೆ ಹಾಕಿದ್ದು ನಾನು. ಅದು ಆಂಟೆನಾ ಅಂತ ಇವರು ಹೇಳಲಿಲ್ಲ. ಹೇಳೋಕೆ ನಾನು ಬಿಟ್ಟಿದ್ರೆ ತಾನೇ? ಸರಳು ಹೂತುಬಿಟ್ರೆ ಸರಿಹೋಗತ್ತಾ?"

"ಹೋಗತ್ತೆ. ಆದ್ರೆ ದೂರು ಕೊಟ್ಟವರು ಒಪ್ಪಬೇಕು."

"ಅವಳು ಒಪ್ತಾಳೆ. ನನ್ನನ್ನ ಸಾಯಿಸಿದಾಳೆ, ಅಷ್ಟೂ ಮಾಡಲ್ವಾ?" ಎಂದು ಅತ್ತೆ ಮಗನ ಕಡೆ ತಿರುಗಿದರು. "ಅಳ್ತಾ ನಿಂತಿದೀಯಲ್ಲೋ, ಗುಂಡಿ ತೋಡು!"

"ಅದಕ್ಕೇ ಅಲ್ವಾ ನಾವೆಲ್ಲ ಬಂದಿದ್ದು," ಎಂದು ಎದುರು ಮನೆಯವರು ತೋಳು ಮಡಿಸಿಕೊಂಡರು.

ಅತ್ತೆಗೆಂದು ಬಂದ ಜನ ಸೇರಿ ಸರಳಿಗೆ ಗುಂಡಿ ತೋಡಿದರು. ಇನ್‌ಸ್ಪೆಕ್ಟರೇ ನಿಂತು ಸರಳು ಹೂಳಿಸಿ, ನೀರು ಹುಯ್ಯಿಸಿ, ತಂತಿ ಬಿಗಿಸಿದರು. ಆಂಟೆನಾದ ಮೇಲೆ ಉಳಿದಿದ್ದ ಬೆಡ್‌ಶೀಟುಗಳೂ ಕೆಳಗಿಳಿದವು. ಓವರಪ್ಪನವರು ಮೈಕು ಹಿಡಿದು ಪ್ರೆಸ್ಸಿನ ವಿಳಾಸವನ್ನೇ ಎಷ್ಟೋ ಸಲ ಹೇಳಿದರು. ಟೈಲರಮ್ಮನ ಬಾಕ್ಸಿನಲ್ಲಿ ಹಾಡು ಬಿಟ್ಟು ಬೇರೇನೂ ಬರಲಿಲ್ಲ. ಅವರು ದೂರು ವಾಪಸು ಪಡೆದರು. ಹೋಗುವಾಗ ಮಾತ್ರ, "ಇನ್ನು ಹಾಡಿನ ಮಧ್ಯೆ ನಿಮ್ಮ ದನಿ ಇಲ್ದೆ ಸ್ವಲ್ಪ ಬೇಜಾರೇ ಆಗತ್ತೆ ಓವರಪ್ಪನವರೇ," ಎಂದರು. ಆ ಹೆಸರು ಗೇಟು ದಾಟುವುದರೊಳಗೆ ಬೀದಿಯದಾಯಿತು.

ಸಂಜೆ ಕೆಲಸದಿಂದ ಬಂದ ಹೆಂಡತಿ, "ಯಾರ ಮನೇದ್ರೀ ಈ ಕುರ್ಚಿ?" ಎಂದು ಕೇಳುತ್ತಾ ಒಳಗೆ ಹೋದರು. ಅತ್ತೆ ಅದರಲ್ಲೊಂದನ್ನು ಎಳೆದುಕೊಂಡು ಸಾಮಾನು ಕೋಣೆಯ ಬಾಗಿಲಲ್ಲಿ ಬಂದು ಕೂತರು. ಓವರಪ್ಪನವರು ಹೆಡ್‌ಫೋನ್ ತೆಗೆದರು.

"ಅವತ್ತು ಪ್ರೆಸ್ಸಲ್ಲಿ ಏನೋ ಆಯ್ತು ಅಂತ ಹೇಳೋಕೆ ಬಂದಿದ್ರಿ," ಎಂದರು ಅತ್ತೆ.

"ಯಾವತ್ತು ಅತ್ತೆ?"

"ಯಾವತ್ತಿಂದಾದ್ರೂ ಹೇಳಿ."

ಓವರಪ್ಪನವರು ಶುರುಮಾಡಿದರು. ಮೊದಮೊದಲು ಅಭ್ಯಾಸಬಲದಿಂದ ಎರಡೆರಡು ಪದಕ್ಕೆ ನಿಂತು ಕಾದರು. ಯಾರೂ ಬಾಯಿ ಹಾಕಲಿಲ್ಲ. ಆಮೇಲೆ ಲೇಖಕರೊಬ್ಬರು ತಮ್ಮ ಹೆಸರನ್ನೇ ತಪ್ಪಾಗಿ ಬರೆದುಕೊಟ್ಟದ್ದು, ಇವರು ತಿದ್ದಿದ್ದಕ್ಕೆ ಜಗಳಕ್ಕೆ ಬಂದದ್ದು, ಕೊನೆಗೆ ಅವರಪ್ಪನನ್ನೇ ಕರೆಸಿ ಕೇಳಬೇಕಾಗಿ ಬಂದದ್ದು, ಎಲ್ಲವನ್ನೂ ಕರ್ತೃ ಕರ್ಮ ಕ್ರಿಯಾಪದ ಸಮೇತ ಹೇಳಿ ಮುಗಿಸಿದರು. ಅತ್ತೆ ತುಟಿ ಪಿಟಕ್ಕೆನ್ನದೆ ಕೂತಿದ್ದರು. ಆ ಮನೆಯಲ್ಲಿ ಅಂಥ ಮೌನ ಯಾವತ್ತೂ ಇರಲಿಲ್ಲ. ಓವರಪ್ಪನವರಿಗೆ ನಿಜಕ್ಕೂ ಭಯವಾಯಿತು.

"ಯಾಕತ್ತೆ, ಮೈ ಸರಿಯಿಲ್ವಾ? ಏನೂ ಮಾತಾಡ್ತಾನೇ ಇಲ್ಲ?"

"ನೀವಿನ್ನೂ ಓವರ್ ಅನ್ನಲಿಲ್ಲವಲ್ಲ ಅಳಿಯಂದಿರೇ," ಎಂದರು ಅತ್ತೆ.